ಬಿಲ್ಹಾರ್ಜಿಯಾ ಲಿವರ್‌ಗೆ ಬಂದರೆ ಕಣ್ಣಿಗೇಕೆ ಡಾಪ್ಲರ್?

ಪ್ರಶ್ನೆ: ನನಗೆ 46 ವರ್ಷ, ತೂಕ 65 ಕೆ.ಜಿ. ಟಾಂಜಾನಿಯಾದ ಮ್ವಾಂಝಾದಲ್ಲಿ ಮೀನು ಸಂಸ್ಕರಣೆಯ ಘಟಕವೊಂದರಲ್ಲಿ 13 ವರ್ಷ ಇದ್ದು, ಹೋದ ವರ್ಷ ದಾವಣಗೆರೆಗೆ ವಾಪಸಾದೆ. ವಿಕ್ಟೋರಿಯಾ ಸರೋವರದಲ್ಲಿ ಈಜಿದ್ದಕ್ಕೆ ಲೆಕ್ಕವಿಲ್ಲ. ಈಗ ಬಿಲ್ಹಾರ್ಜಿಯಾ, ಅಂದರೆ ಕೆರೆ-ಸರೋವರದ ನೀರಿನಿಂದ ಮೈಗೆ ಸೇರುವ ಹುಳುವಿನ ರೋಗ, ಎಂದು ಗೊತ್ತಾಗಿದೆ. ಸ್ಕ್ಯಾನಿಂಗ್‌ನಲ್ಲಿ ಪೋರ್ಟಲ್ ರಕ್ತನಾಳದ (ಕರುಳಿನ ರಕ್ತವನ್ನು ಲಿವರಿಗೆ ಒಯ್ಯುವ ನಾಳ) ಸುತ್ತ ನಾರುಗಟ್ಟಿದೆ, ಗುಲ್ಮ (ಸ್ಪ್ಲೀನ್) 18 ಸೆಂ.ಮೀ. ಇದೆ. ಎಂಡೋಸ್ಕೋಪಿಯಲ್ಲಿ ಅನ್ನನಾಳದ ರಕ್ತನಾಳಗಳು ಉಬ್ಬಿರುವುದು ಕಂಡಿದೆ. ಹಿಮೋಗ್ಲೋಬಿನ್ 9.4, ಪ್ಲೇಟ್‌ಲೆಟ್ 62,000. ಪ್ರೊಪ್ರನೊಲಾಲ್ 40 ಮಿ.ಗ್ರಾಂ. ದಿನಕ್ಕೆ ಎರಡು ಸಲ ನುಂಗುತ್ತಿದ್ದೇನೆ, ಬಿಪಿ 94/58. ಕನ್ನಡಕ ಬದಲಿಸಲು ಹೋದಾಗ ಕಣ್ಣಿನ ಡಾಕ್ಟರು ‘ರೆಟಿನಾದ ರಕ್ತನಾಳ ಸ್ವಲ್ಪ ದಪ್ಪಗಿವೆ’ ಎಂದು ಡಾಪ್ಲರ್ (ರಕ್ತ ಹರಿಯುವ ವೇಗ ಅಳೆಯುವ ಸ್ಕ್ಯಾನ್) ಮಾಡಿಸಿದರು. ಕಣ್ಣಿನ ಒತ್ತಡ 13. ‘ಸೆಂಟ್ರಲ್ ರೆಟಿನಲ್ ಆರ್ಟರಿಯ ರೆಸಿಸ್ಟಿವ್ ಇಂಡೆಕ್ಸ್ 0.78, ಹೆಚ್ಚಾಗಿದೆ’ ಎಂದು ವರದಿ ಬಂದಿದೆ. ಲಿವರಿನ ಹುಳು ಕಣ್ಣಿಗೆ ಹತ್ತಿದೆಯೇ? ದೃಷ್ಟಿ ಹೋಗುತ್ತದೆಯೇ? ಹುಳುವಿನ ಮಾತ್ರೆಯನ್ನು ಇನ್ನೂ ಶುರು ಮಾಡಿಲ್ಲ.

ಉತ್ತರ: ನೀವು ಬರೆದಿರುವುದರಲ್ಲಿ ಹುಳು ಕಣ್ಣಿಗೆ ಹತ್ತಿದ ಲಕ್ಷಣ ಒಂದೂ ಇಲ್ಲ. ಈ ಹುಳುವಿನ ಮೊಟ್ಟೆ ಕಣ್ಣಿನೊಳಗೆ ಸಿಕ್ಕ ಉದಾಹರಣೆಗಳು ವೈದ್ಯಕೀಯ ದಾಖಲೆಗಳಲ್ಲಿ ಇವೆ, ಆದರೆ ಬಿಡಿಬಿಡಿಯಾಗಿ ವರದಿಯಾಗುವಷ್ಟು ಅಪರೂಪ. ನಿಮ್ಮ ಕಣ್ಣಿನ ರಕ್ತಸಂಚಾರ ಬದಲಾಗಿದ್ದರೆ ಅದಕ್ಕೆ ಕಾರಣ ಬೇರೆ: ಮೈಯ ರಕ್ತದೊತ್ತಡ ಇಳಿದಿದೆ, ರಕ್ತ ತೆಳುವಾಗಿದೆ, ಮಾತ್ರೆಯ ಪ್ರಭಾವವೂ ಇದೆ. ಜೊತೆಗೆ ಇನ್ನೂ ಪರೀಕ್ಷಿಸದ ಒಂದು ಸಂಗತಿ, ಅಂದರೆ ಶ್ವಾಸಕೋಶದ ಒತ್ತಡ, ಬಾಕಿ ಇದೆ. 0.78 ಎಂಬ ಅಂಕಿಯಿಂದ ದೃಷ್ಟಿ ಹೋಗುವುದಿಲ್ಲ. ನಿಮ್ಮ ಕಣ್ಣಿಗೆ ನಿಜವಾದ ಅಪಾಯ ಇರುವುದು ಅನ್ನನಾಳದಲ್ಲಿ. ಇದು ಯಾಕೆಂದು ತಿಳಿಯಲು ಮೊದಲು ಲಿವರಿನ ವಿಷಯ ನೋಡೋಣ.

ವಿಕ್ಟೋರಿಯಾ ಸರೋವರದ ದಡದಲ್ಲಿ ಸಿಗುವುದು ಶಿಸ್ಟೊಸೋಮಾ ಮ್ಯಾನ್ಸೊನಿ ಎಂಬ ಹುಳು. ಬ್ರೆಜಿಲ್‌ನ ಈಶಾನ್ಯ ರಾಜ್ಯಗಳಲ್ಲಿ ಇರುವುದೂ ಇದೇ. ಬಸವನಹುಳುವಿನಿಂದ ನೀರಿಗೆ ಬಿದ್ದ ಮರಿಗಳು ಕೆಲವೇ ನಿಮಿಷಗಳಲ್ಲಿ ಚರ್ಮ ಕೊರೆದು ಒಳಗೆ ಹೋಗುತ್ತವೆ. ಬೆಳೆದ ಗಂಡು ಹೆಣ್ಣು ಜೋಡಿಯಾಗಿ ಕರುಳಿನ ಸುತ್ತಲಿನ ರಕ್ತನಾಳಗಳಲ್ಲಿ ವರ್ಷಗಟ್ಟಲೆ ಬದುಕುತ್ತವೆ. ಹೆಣ್ಣು ದಿನಕ್ಕೆ ನೂರರಿಂದ ಮುನ್ನೂರು ಮೊಟ್ಟೆ ಇಡುತ್ತದೆ. ಒಂದಷ್ಟು ಮಲದಲ್ಲಿ ಹೊರಗೆ ಹೋಗುತ್ತವೆ. ಉಳಿದವು ರಕ್ತದ ಜೊತೆ ಲಿವರಿಗೆ ತೇಲಿಬಂದು, ಪೋರ್ಟಲ್ ರಕ್ತನಾಳದ ಸಣ್ಣ ಕವಲುಗಳಲ್ಲಿ ಸಿಕ್ಕಿಹಾಕಿಕೊಳ್ಳುತ್ತವೆ. ಅಂದರೆ ರೋಗ ತರುವುದು ಹುಳುವಲ್ಲ, ಮೊಟ್ಟೆ. ಮೊಟ್ಟೆಯ ಸುತ್ತ ಉರಿಯೂತದ ಗಂಟು ಕಟ್ಟಿ, ಅದು ಒಣಗಿ ನಾರಾಗಿ, ರಕ್ತನಾಳದ ಉದ್ದಕ್ಕೂ ಬಿಗಿ ಕವಚ ಬೆಳೆಯುತ್ತದೆ. ಸಿಮ್ಮರ್ಸ್ ಎಂಬ ವೈದ್ಯ 1904ರಲ್ಲಿ ವರ್ಣಿಸಿದ ನಾರುಗಟ್ಟುವಿಕೆ ಇದೇ. ಸೋಂಕು ತಗುಲಿದವರಲ್ಲಿ ಕೆಲವರಿಗೆ ಮಾತ್ರ, ಅದೂ ಸಾಮಾನ್ಯವಾಗಿ 5ರಿಂದ 15 ವರ್ಷಗಳ ನಂತರ, ರೋಗ ಈ ಹಂತ ಮುಟ್ಟುತ್ತದೆ.

ಇಲ್ಲಿ ಗಮನಿಸಬೇಕಾದ ವಿಷಯವೆಂದರೆ, ತಡೆ ಇರುವುದು ಲಿವರಿನ ಜೀವಕೋಶಗಳಿಗೆ ರಕ್ತ ತಲುಪುವ ಮೊದಲೇ. ಜೀವಕೋಶಗಳು ಬಹುಮಟ್ಟಿಗೆ ಚೆನ್ನಾಗಿಯೇ ಇರುತ್ತವೆ. ಅದಕ್ಕೇ ಇಂಥವರಲ್ಲಿ ಬಿಲಿರುಬಿನ್, ಎಸ್‌ಜಿಪಿಟಿ, ಆಲ್ಬುಮಿನ್ ನಾರ್ಮಲ್ ಇದ್ದು, ಗುಲ್ಮ ಮಾತ್ರ ಹೊಕ್ಕುಳಿನತ್ತ ಬೆಳೆದಿರುತ್ತದೆ. ಕುಡಿತದಿಂದ ಬರುವ ಸಿರೋಸಿಸ್‌ಗೂ ಇದಕ್ಕೂ ವ್ಯತ್ಯಾಸ ಇರುವುದು ಇಲ್ಲೇ. ‘ಲಿವರ್ ಹಾಳಾಗಿದೆ’ ಎಂದು ಯಾರಾದರೂ ಹೇಳಿದ್ದರೆ, ‘ಲಿವರಿಗೆ ಹೋಗುವ ದಾರಿ ಕಿರಿದಾಗಿದೆ’ ಎಂದು ತಿದ್ದಿಕೊಳ್ಳಿ.

ಲಿವರಿನಲ್ಲಿ ಒತ್ತಡ ಏರಿದರೆ ಅದು ಹಿಂದಕ್ಕೆ ನೂಕಿ ಕಣ್ಣಿನ ರಕ್ತನಾಳಗಳನ್ನೂ ಉಬ್ಬಿಸುತ್ತದೆ ಎಂದು ಹಲವರು, ಕೆಲವು ವೈದ್ಯರೂ, ಎಣಿಸುತ್ತಾರೆ. ಹಾಗೆ ಆಗುವುದಿಲ್ಲ. ಕಣ್ಣಿನ ಅಶುದ್ಧ ರಕ್ತ ಕಣ್ಣುಗುಳಿಯ ಅಭಿಧಮನಿಯಿಂದ ತಲೆಬುರುಡೆಯ ಒಳಗೆ ಹೋಗಿ, ಕುತ್ತಿಗೆಯ ಜುಗುಲರ್ ಅಭಿಧಮನಿಯ ಮೂಲಕ ಹೃದಯದ ಬಲಭಾಗ ಸೇರುತ್ತದೆ. ಪೋರ್ಟಲ್ ರಕ್ತನಾಳದ ವ್ಯವಸ್ಥೆ ಪೂರ್ತಿ ಬೇರೆ. ಅಲ್ಲಿ ಕಟ್ಟಿಕೊಂಡ ರಕ್ತ ಅನ್ನನಾಳದ ಗೋಡೆಯ ಅಡ್ಡದಾರಿ ಹಿಡಿದು ಹೃದಯಕ್ಕೆ ಬರುತ್ತದೆ, ನಿಜ. ಆದರೆ ಹೃದಯದ ಬಲಭಾಗದ ಒತ್ತಡ ಸರಿ ಇರುವ ತನಕ ಕಣ್ಣಿಗೆ ಅದರ ಸುದ್ದಿಯೇ ತಲುಪುವುದಿಲ್ಲ. ಈ ‘ತನಕ’ ಎಂಬ ಮಾತಿಗೆ ಆಮೇಲೆ ಬರುತ್ತೇವೆ.

ಕಣ್ಣಿಗೆ ವ್ಯತ್ಯಾಸ ಬರುವುದು ರಕ್ತ ಒಳಬರುವ ಕಡೆಯಿಂದ. ಪೋರ್ಟಲ್ ಒತ್ತಡ ಏರಿದಾಗ ಕರುಳು ಮತ್ತು ಗುಲ್ಮದ ರಕ್ತನಾಳಗಳು ನೈಟ್ರಿಕ್ ಆಕ್ಸೈಡ್‌ನಂಥ ವಸ್ತುಗಳಿಂದ ಹಿಗ್ಗುತ್ತವೆ, ಹೆಚ್ಚು ರಕ್ತ ಅಲ್ಲಿಗೇ ಹರಿಯುತ್ತದೆ. ಮೈಯ ಒಟ್ಟು ರಕ್ತದೊತ್ತಡ ಇಳಿಯುತ್ತದೆ, ಹೃದಯ ಹೆಚ್ಚು ದುಡಿಯುತ್ತದೆ. ಇದನ್ನು ಸರಿದೂಗಿಸಲು ದೇಹ ಉಳಿದ ಕಡೆಯ ರಕ್ತನಾಳಗಳನ್ನು ಬಿಗಿ ಮಾಡುವ ಹಾರ್ಮೋನುಗಳನ್ನು ಸುರಿಸುತ್ತದೆ. ಕಣ್ಣಿಗೆ ರಕ್ತ ತರುವ ಆಫ್ತಾಲ್ಮಿಕ್ ಆರ್ಟರಿ ಈ ಬಿಗಿತಕ್ಕೆ ಒಳಗಾಗುತ್ತದೆ. ರೆಟಿನಾದ ಒಳಗಿನ ಸಣ್ಣ ನಾಳಗಳಿಗೆ ಆ ಬಗೆಯ ನರಗಳಿಲ್ಲ. ಅವು ತಮ್ಮಷ್ಟಕ್ಕೆ ಹಿಗ್ಗಿ ಕುಗ್ಗಿ ಹರಿವನ್ನು ಸಮ ಇಟ್ಟುಕೊಳ್ಳುತ್ತವೆ. ರೆಟಿನಾದ ಹಿಂದಿನ ಪದರ ಕೋರಾಯ್ಡ್‌ಗೆ ಆ ಜಾಣತನ ಕಡಿಮೆ. ಕಣ್ಣಿಗೆ ಬರುವ ರಕ್ತದ ಬಹುಪಾಲು ಹರಿಯುವುದು ಅದರಲ್ಲೇ. ಹಾಗಾಗಿ ಮೈಯ ಒತ್ತಡದ ಏರಿಳಿತ ಮೊದಲು ಮುಟ್ಟುವುದು ಕೋರಾಯ್ಡ್ ಮತ್ತು ಅದೇ ಮೂಲದಿಂದ ರಕ್ತ ಪಡೆಯುವ ಆಪ್ಟಿಕ್ ನರದ (ಕಣ್ಣಿನಿಂದ ಮಿದುಳಿಗೆ ಹೋಗುವ ನರ) ತಲೆಯನ್ನು.

ಇದನ್ನು ಅಂಕಿಯಲ್ಲಿ ನೋಡಬಹುದು. ಕೂತಿರುವಾಗ ಕಣ್ಣಿಗೆ ರಕ್ತ ನುಗ್ಗಿಸುವ ಒತ್ತಡವನ್ನು ಅಂದಾಜು ಮಾಡುವ ಕ್ರಮ ಹೀಗೆ: ಸರಾಸರಿ ರಕ್ತದೊತ್ತಡದ ಮೂರರಲ್ಲಿ ಎರಡು ಭಾಗ ತೆಗೆದುಕೊಂಡು, ಅದರಿಂದ ಕಣ್ಣಿನ ಒತ್ತಡವನ್ನು ಕಳೆಯಬೇಕು. ಸರಾಸರಿ ಎಂದರೆ ಕೆಳಗಿನ ಬಿಪಿಗೆ, ಮೇಲಿನ ಮತ್ತು ಕೆಳಗಿನ ಬಿಪಿಯ ವ್ಯತ್ಯಾಸದ ಮೂರನೇ ಒಂದು ಭಾಗ ಸೇರಿಸಿದ್ದು. ಬಿಪಿ 124/78, ಕಣ್ಣಿನ ಒತ್ತಡ 16 ಇರುವವರಲ್ಲಿ ಸರಾಸರಿ 93, ಅದರ ಮೂರನೇ ಎರಡು ಭಾಗ 62, ಕಳೆದರೆ 46 ಉಳಿಯುತ್ತದೆ. ನಿಮ್ಮ 94/58ಕ್ಕೆ ಸರಾಸರಿ 70, ಮೂರನೇ ಎರಡು ಭಾಗ 47ರ ಹತ್ತಿರ, ಅದರಿಂದ 13 ಕಳೆದರೆ 34. ಪ್ರೊಪ್ರನೊಲಾಲ್ ಕಣ್ಣಿನ ಒತ್ತಡವನ್ನೂ ಒಂದಿಷ್ಟು ಇಳಿಸುವುದರಿಂದ ನಷ್ಟ ಅಷ್ಟಕ್ಕೇ ನಿಂತಿದೆ. 34 ಎಂದರೆ ಕಣ್ಣು ಹೋಯಿತು ಎಂದಲ್ಲ. ರೆಟಿನಾ ಅದನ್ನು ಸಂಭಾಳಿಸುತ್ತದೆ. ಆದರೆ ಇನ್ನೂ ಇಳಿದರೆ ತಡೆಯುವ ಮೀಸಲು ಕಡಿಮೆಯಾಗಿದೆ. ರಾತ್ರಿ ನಿದ್ದೆಯಲ್ಲಿ ಎಲ್ಲರ ಬಿಪಿಯೂ ಇಳಿಯುತ್ತದೆ, ನಿಮ್ಮದು ಇಳಿಯಲು ಹೆಚ್ಚು ಜಾಗವಿಲ್ಲ. ಹಾಗಂತ ಪ್ರೊಪ್ರನೊಲಾಲ್ ನೀವೇ ನಿಲ್ಲಿಸಬೇಡಿ. ಅದು ಅನ್ನನಾಳದ ರಕ್ತಸ್ರಾವ ತಡೆಯಲು ಕೊಟ್ಟದ್ದು, ಒಮ್ಮೆಲೇ ಬಿಟ್ಟರೆ ತೊಂದರೆ. ಮೇಲಿನ ಬಿಪಿ 90ಕ್ಕಿಂತ ಕೆಳಗೆ ಬಂದರೆ, ನಾಡಿ 55ಕ್ಕಿಂತ ಕಡಿಮೆಯಾದರೆ, ಎದ್ದು ನಿಂತಾಗ ಕಣ್ಣು ಕತ್ತಲೆ ಬಂದರೆ, ಡೋಸ್ ಇಳಿಸಲು ಅಥವಾ ಬ್ಯಾಂಡಿಂಗ್‌ಗೆ (ಉಬ್ಬಿದ ನಾಳಕ್ಕೆ ಎಂಡೋಸ್ಕೋಪಿಯಲ್ಲಿ ರಬ್ಬರ್ ಉಂಗುರ ಹಾಕುವುದು) ಬದಲಾಯಿಸಲು ಹೊಟ್ಟೆಯ ಡಾಕ್ಟರನ್ನು ಕೇಳಿ.

ಎರಡನೆಯ ಕಾರಣ ರಕ್ತವೇ. ದೊಡ್ಡದಾದ ಗುಲ್ಮ ಕೆಂಪುಕಣ, ಬಿಳಿಕಣ, ಪ್ಲೇಟ್‌ಲೆಟ್ ಮೂರನ್ನೂ ಹಿಡಿದಿಟ್ಟುಕೊಳ್ಳುತ್ತದೆ. ಹಿಮೋಗ್ಲೋಬಿನ್ ಕಡಿಮೆಯಾದರೆ ರಕ್ತ ತೆಳುವಾಗಿ ವೇಗವಾಗಿ ಹರಿಯುತ್ತದೆ. ಆಮ್ಲಜನಕದ ಕೊರತೆ ತುಂಬಲು ರೆಟಿನಾದ ನಾಳಗಳು ಹಿಗ್ಗುತ್ತವೆ. ನಿಮ್ಮ ಡಾಕ್ಟರು ಕಂಡ ‘ದಪ್ಪಗಿರುವ’ ನಾಳಗಳಿಗೆ ಇದೊಂದೇ ಸಾಕಾದ ವಿವರಣೆ. ಹಿಮೋಗ್ಲೋಬಿನ್ 8ಕ್ಕಿಂತ, ಪ್ಲೇಟ್‌ಲೆಟ್ 50,000ಕ್ಕಿಂತ ಇಳಿದು ಎರಡೂ ಕೂಡಿಬಂದರೆ ರೆಟಿನಾದಲ್ಲಿ ಸಣ್ಣ ರಕ್ತಸ್ರಾವಗಳು ಕಾಣಿಸಿಕೊಳ್ಳುವ ಸಂಭವ ಹೆಚ್ಚು. ಕೆಲವಕ್ಕೆ ನಡುವೆ ಬಿಳಿ ಚುಕ್ಕೆ ಇರುತ್ತದೆ. ದೃಷ್ಟಿಯ ಕೇಂದ್ರಭಾಗದಲ್ಲಿ ಆಗದಿದ್ದರೆ ಅವು ನಿಮಗೆ ಗೊತ್ತೂ ಆಗುವುದಿಲ್ಲ. ರಕ್ತಹೀನತೆ ಸರಿಹೋದರೆ ವಾರಗಳಲ್ಲಿ, ಹೆಚ್ಚೆಂದರೆ ಕೆಲವು ತಿಂಗಳಲ್ಲಿ ಕರಗುತ್ತವೆ. ಕಬ್ಬಿಣದಂಶ ಪರೀಕ್ಷಿಸಿಕೊಳ್ಳಿ. ಉಬ್ಬಿದ ನಾಳಗಳಿಂದ ತಿಳಿಯದಂತೆ ರಕ್ತ ಜಿನುಗುತ್ತಿದ್ದರೆ ಗುಲ್ಮದ ಜೊತೆ ಕಬ್ಬಿಣದ ಕೊರತೆಯೂ ಸೇರಿರುತ್ತದೆ.

ಈಗ ಆ ‘ತನಕ’ದ ವಿಷಯ. ಲಿವರಿನ ದಾರಿ ಮುಚ್ಚಿದಾಗ ಮೊಟ್ಟೆಗಳೂ ಅಡ್ಡದಾರಿ ಹಿಡಿದು ಶ್ವಾಸಕೋಶ ಸೇರುತ್ತವೆ. ಅಲ್ಲಿನ ಸಣ್ಣ ಅಪಧಮನಿಗಳು ದಪ್ಪಗಾಗಿ ಶ್ವಾಸಕೋಶದ ರಕ್ತದೊತ್ತಡ ಏರುತ್ತದೆ. ಬ್ರೆಜಿಲ್‌ನಲ್ಲಿ ಈ ಬಗೆಯ ಒತ್ತಡಕ್ಕೆ ಬಿಲ್ಹಾರ್ಜಿಯಾ ಒಂದು ಮುಖ್ಯ ಕಾರಣ. ಹೀಗಾಗಿ ಹೃದಯದ ಬಲಭಾಗ ಸೋತರೆ ಮಾತ್ರ ಕಣ್ಣಿನ ರಕ್ತ ಹೊರಹೋಗುವ ದಾರಿಯಲ್ಲೂ ಒತ್ತಡ ಏರುತ್ತದೆ. ಕಣ್ಣಿನ ಬಿಳಿಭಾಗದ ಮೇಲಿನ ಅಭಿಧಮನಿಗಳಲ್ಲಿ ಸಹಜ ಒತ್ತಡ 8ರಿಂದ 10 ಮಿ.ಮೀ. ಅದು ಏರಿದಷ್ಟೂ ಹೆಚ್ಚುಕಡಿಮೆ ಅದೇ ಪ್ರಮಾಣದಲ್ಲಿ ಕಣ್ಣಿನ ಒತ್ತಡವೂ ಏರುತ್ತದೆ. ಬಿಳಿಭಾಗದಲ್ಲಿ ಕೆಂಪು ನಾಳಗಳು ಸೊಟ್ಟಪಟ್ಟ ಉಬ್ಬುತ್ತವೆ, ಕೋರಾಯ್ಡ್ ದಪ್ಪಗಾಗುತ್ತದೆ, ಕೆಲವೊಮ್ಮೆ ಅಲ್ಲಿ ನೀರು ತುಂಬುತ್ತದೆ. ಇದನ್ನು ‘ಕಂಜಂಕ್ಟಿವೈಟಿಸ್’ ಎಂದುಕೊಂಡು ತಿಂಗಳುಗಟ್ಟಲೆ ಆಂಟಿಬಯೋಟಿಕ್ ಡ್ರಾಪ್ಸ್ ಹಾಕುವುದುಂಟು. ಪಿಸುರಿಲ್ಲದ, ತುರಿಕೆಯಿಲ್ಲದ, ಎರಡೂ ಕಣ್ಣಿನ ಕೆಂಪು, ಅದರೊಂದಿಗೆ ಮೆಟ್ಟಿಲು ಹತ್ತುವಾಗ ಉಬ್ಬಸ, ಸಂಜೆಗೆ ಪಾದದ ಊತ ಇದ್ದರೆ ಹೃದಯ ನೋಡಿಸಬೇಕು. ನಿಮ್ಮ ಕಣ್ಣಿನ ಒತ್ತಡ 13 ಇರುವುದು ಒಳ್ಳೆಯ ಸೂಚನೆಯೇ. ಆದರೂ ಎಕೋ (ಹೃದಯದ ಸ್ಕ್ಯಾನ್) ಪರೀಕ್ಷೆಯನ್ನು ನೀವು ಬರೆದಿಲ್ಲ. ಇಲ್ಲಿಯವರೆಗೆ ಆಗದೇ ಇದ್ದರೆ ಮೊದಲು ಮಾಡಿಸಬೇಕಾದದ್ದು ಅದನ್ನೇ, ಎರಡನೇ ಡಾಪ್ಲರ್ ಅಲ್ಲ.

ಡಾಪ್ಲರ್ ವರದಿಯ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳುತ್ತೇವೆ, ಯಾಕೆಂದರೆ ಹೆದರಿಕೆ ಹುಟ್ಟಿಸಿದ್ದು ಅದು. ರೆಸಿಸ್ಟಿವ್ ಇಂಡೆಕ್ಸ್ ಎಂದರೆ ಹೃದಯ ಬಡಿದಾಗಿನ ಅತಿ ಹೆಚ್ಚು ವೇಗದಿಂದ ಎರಡು ಬಡಿತದ ನಡುವಿನ ಕೊನೆಯ ವೇಗವನ್ನು ಕಳೆದು, ಬಂದದ್ದನ್ನು ಅತಿ ಹೆಚ್ಚು ವೇಗದಿಂದ ಭಾಗಿಸಿದ್ದು. ಸೆಂಟ್ರಲ್ ರೆಟಿನಲ್ ಆರ್ಟರಿಯಲ್ಲಿ ಮೇಲಿನ ವೇಗ ಸೆಕೆಂಡಿಗೆ ಸುಮಾರು 10 ಸೆಂ.ಮೀ., ಕೆಳಗಿನದು ಸುಮಾರು 3, ಇಂಡೆಕ್ಸ್ 0.7ರ ಆಸುಪಾಸು. ಆ ನಾಳದ ಅಗಲ ಮಿಲಿಮೀಟರಿನ ಐದನೇ ಒಂದು ಭಾಗದಷ್ಟು. ಯಂತ್ರ ಅದರ ಅಗಲ ಅಳೆಯಲಾರದು, ವೇಗ ಮಾತ್ರ ಅಳೆಯುತ್ತದೆ. ವೇಗ ಗೊತ್ತಿದ್ದು ಅಗಲ ಗೊತ್ತಿಲ್ಲದಿದ್ದರೆ ಎಷ್ಟು ರಕ್ತ ಹರಿಯಿತೆಂದು ಹೇಳಲಾಗದು. ಇನ್ನು ಪರೀಕ್ಷೆ ಮಾಡುವವರ ಕೈ. ಮುಚ್ಚಿದ ರೆಪ್ಪೆಯ ಮೇಲೆ ಜೆಲ್ ದಪ್ಪಗೆ ಹಾಕಿ, ಪ್ರೋಬ್ ಜೆಲ್‌ನ ಮೇಲೆ ತೇಲುವಂತಿರಬೇಕು. ತುಸು ಒತ್ತಿದರೂ ಕಣ್ಣಿನ ಒತ್ತಡ ಏರಿ, ಬಡಿತಗಳ ನಡುವಿನ ವೇಗ ಮೊದಲು ಬೀಳುತ್ತದೆ. ಮೇಲಿನ ವೇಗ 10 ಇದ್ದು ಕೆಳಗಿನದು 2.8 ಇದ್ದರೆ ಇಂಡೆಕ್ಸ್ 0.72. ಒತ್ತಿದ್ದರಿಂದ ಕೆಳಗಿನದು 1.8ಕ್ಕೆ ಬಂದರೆ ಅದೇ ಕಣ್ಣು 0.82 ತೋರಿಸುತ್ತದೆ. ಪ್ರೊಪ್ರನೊಲಾಲ್ ನಾಡಿ ನಿಧಾನ ಮಾಡುವುದರಿಂದ ಬಡಿತಗಳ ನಡುವಿನ ಅವಧಿ ಉದ್ದವಾಗಿ ಆ ಕೊನೆಯ ವೇಗ ಮತ್ತಷ್ಟು ಇಳಿಯುತ್ತದೆ. ನಿಮ್ಮ 0.78ರಲ್ಲಿ ರೋಗದ ಪಾಲೆಷ್ಟು, ಮಾತ್ರೆಯ ಪಾಲೆಷ್ಟು, ಪ್ರೋಬ್‌ನ ಪಾಲೆಷ್ಟು ಎಂದು ಬಿಡಿಸಲು ಒಂದು ವರದಿಯಿಂದ ಸಾಧ್ಯವಿಲ್ಲ. ಮತ್ತೆ ಮಾಡಿಸುವುದೇ ಆದರೆ ಎರಡೂ ಕಣ್ಣು, ಪ್ರತಿ ನಾಳಕ್ಕೆ ಮೂರು ಅಳತೆ, ಆ ಹೊತ್ತಿನ ಬಿಪಿ ಮತ್ತು ನಾಡಿ, ಕೊನೆಯ ಮಾತ್ರೆ ನುಂಗಿದ ಸಮಯ ಇಷ್ಟನ್ನೂ ಬರೆಸಿ. ಯಂತ್ರ ಕಣ್ಣಿನ ಸೆಟ್ಟಿಂಗ್‌ನಲ್ಲೇ ಇರಬೇಕು, ಯಂತ್ರದ ಅಲೆಗಳ ತೀವ್ರತೆ ತೋರಿಸುವ ಮೆಕ್ಯಾನಿಕಲ್ ಇಂಡೆಕ್ಸ್ 0.23 ದಾಟಬಾರದು. ನಮ್ಮ ಅಭಿಪ್ರಾಯದಲ್ಲಿ ಈ ಪರೀಕ್ಷೆ ಸಂಶೋಧಕರಿಗೆ ಉಪಯೋಗ. ನಿಮ್ಮ ಚಿಕಿತ್ಸೆಯನ್ನು ಅದು ಬದಲಿಸುವುದಿಲ್ಲ. ಅದಕ್ಕೆ ಕೊಡುವ ದುಡ್ಡಿನಲ್ಲಿ ರೆಟಿನಾದ ಫೋಟೋ ಮತ್ತು ಅದರ ಪದರಗಳನ್ನು ತೋರಿಸುವ ಒಸಿಟಿ ಸ್ಕ್ಯಾನ್ ಮಾಡಿಸಿ ಇಟ್ಟುಕೊಂಡರೆ, ಮುಂದೆ ಹೋಲಿಸಿ ನೋಡಲು ಆಧಾರ ಇರುತ್ತದೆ.

ದೃಷ್ಟಿ ಹೋಗುವ ಪ್ರಶ್ನೆಗೆ ಈಗ ಉತ್ತರ. ಉಬ್ಬಿದ ನಾಳ ಒಡೆದು ಒಮ್ಮೆಲೇ ಬಹಳ ರಕ್ತ ಹೋದರೆ, ಬಿಪಿ ಕುಸಿದು, ಹಿಮೋಗ್ಲೋಬಿನ್ ಇಳಿದು, ಬಿಗಿತದ ಹಾರ್ಮೋನುಗಳು ಏರಿ, ಮೂರೂ ಸೇರಿ ಆಪ್ಟಿಕ್ ನರದ ತಲೆಗೆ ರಕ್ತ ನಿಲ್ಲಬಹುದು. ಮೇಲೆ ಲೆಕ್ಕ ಹಾಕಿದ 34ರ ಮೀಸಲು ಇಂಥ ಹೊತ್ತಿನಲ್ಲಿ ಕರಗಿಹೋಗುತ್ತದೆ. ಈ ಆಘಾತ ಎಲ್ಲರಿಗೂ ಆಗುವುದಿಲ್ಲ, ಆದರೆ ಆದಾಗ ಹಲವು ಸಲ ಎರಡೂ ಕಣ್ಣಿಗೆ ಆಗುತ್ತದೆ, ಹೋದ ದೃಷ್ಟಿ ಪೂರ್ತಿ ಮರಳುವುದು ಕಡಿಮೆ. ಮೋಸದ ಸಂಗತಿ ಇನ್ನೊಂದಿದೆ. ಅದು ರಕ್ತ ಹೋದ ಹೊತ್ತಿಗೇ ಆಗಬೇಕೆಂದಿಲ್ಲ. ಕೆಲವು ಗಂಟೆ ಬಿಟ್ಟು, ಕೆಲವೊಮ್ಮೆ ಕೆಲವು ದಿನ ಬಿಟ್ಟು, ಮನೆಗೆ ಬಂದ ಮೇಲೆ ಕಾಣಿಸಿಕೊಳ್ಳುತ್ತದೆ. ಐಸಿಯುನಲ್ಲಿ ರೋಗಿಯ ಜೀವದ ಕಡೆ ಎಲ್ಲರ ಗಮನ ಇರುವಾಗ ಕಣ್ಣನ್ನು ಕೇಳುವವರಿರುವುದಿಲ್ಲ. ಆದ್ದರಿಂದ ರಕ್ತವಾಂತಿ ಆದರೆ ಅಥವಾ ಮಲ ಡಾಂಬರಿನಂತೆ ಕಪ್ಪಗೆ ಅಂಟಂಟಾಗಿ ಹೋದರೆ ಬೆಳಗಾಗಲೆಂದು ಕಾಯದೆ ಎಂಡೋಸ್ಕೋಪಿ ಇರುವ ಆಸ್ಪತ್ರೆಗೆ ಹೋಗಿ. (ಕಬ್ಬಿಣದ ಮಾತ್ರೆಯಿಂದಲೂ ಮಲ ಕಪ್ಪಾಗುತ್ತದೆ, ಆದರೆ ಅಂಟು ಮತ್ತು ಆ ಕೆಟ್ಟ ವಾಸನೆ ಇರುವುದಿಲ್ಲ.) ಚೇತರಿಸಿಕೊಂಡ ಮೇಲೆ ಎರಡು ವಾರ ದಿನಾ ಬೆಳಿಗ್ಗೆ ಒಂದೊಂದೇ ಕಣ್ಣು ಮುಚ್ಚಿ ಗೋಡೆಯ ಕ್ಯಾಲೆಂಡರ್ ನೋಡಿ. ಹಾಳೆಯ ಮೇಲರ್ಧವೋ ಕೆಳಗಿನ ಅರ್ಧವೋ ಮಸುಕಾದರೆ, ಬಣ್ಣ ಒಂದು ಕಣ್ಣಿಗೆ ಪೇಲವ ಕಂಡರೆ, ನಡುವೆ ಕಪ್ಪು ಚುಕ್ಕೆ ಬಂದರೆ ಅದೇ ದಿನ ರೆಟಿನಾ ತಜ್ಞರ ಬಳಿ ಹೋಗಿ.

ಕಣ್ಣಿನ ಚಿಕಿತ್ಸೆಯ ಔಷಧಗಳೂ ನಿಮ್ಮ ವಿಷಯದಲ್ಲಿ ಬೇರೆ ಲೆಕ್ಕ ಕೇಳುತ್ತವೆ. ಕಣ್ಣಿನ ಒತ್ತಡಕ್ಕೆ ಕೊಡುವ ಟಿಮೊಲಾಲ್ ಡ್ರಾಪ್ಸ್ ಪ್ರೊಪ್ರನೊಲಾಲ್‌ನ ದಾಯಾದಿ. ಕಣ್ಣಿನ ಮೂಲೆಯಿಂದ ಮೂಗಿಗಿಳಿದು ನೇರ ರಕ್ತ ಸೇರುತ್ತದೆ, ಎರಡೂ ಕೂಡಿ ನಾಡಿಯನ್ನು 50ಕ್ಕಿಂತ ಕೆಳಗೆ ತರಬಹುದು. ಅಸೆಟಜೋಲಮೈಡ್ ಮಾತ್ರೆ ರಕ್ತದಲ್ಲಿ ಅಮೋನಿಯ ಹೆಚ್ಚಿಸುತ್ತದೆ. ಲಿವರನ್ನು ತಪ್ಪಿಸಿ ಅಡ್ಡದಾರಿಯಲ್ಲಿ ರಕ್ತ ಹರಿಯುವವರಲ್ಲಿ ಅದು ಮಂಪರು, ಗೊಂದಲ ತರಬಹುದು. ‘ಕಣ್ಣಿನ ರಕ್ತಸಂಚಾರಕ್ಕೆ’ ಎಂದು ಯಾರಾದರೂ ಆಸ್ಪಿರಿನ್ ಬರೆದುಕೊಟ್ಟರೆ ಬೇಡವೆನ್ನಿ. 62,000 ಪ್ಲೇಟ್‌ಲೆಟ್, ಉಬ್ಬಿದ ಅನ್ನನಾಳ, ಅದರ ಮೇಲೆ ಆಸ್ಪಿರಿನ್ ಎಂದರೆ ಮೇಲೆ ಹೇಳಿದ ರಕ್ತವಾಂತಿಯನ್ನು ಕರೆದಂತೆ. ಆಂಜಿಯೋಗ್ರಾಫಿ (ಬಣ್ಣ ಚುಚ್ಚಿ ಕಣ್ಣಿನ ನಾಳಗಳ ಫೋಟೋ ತೆಗೆಯುವುದು) ಬೇಕಾದರೆ ಫ್ಲೋರೆಸೀನ್ ಎಂಬ ಬಣ್ಣಕ್ಕೆ ಸಾಮಾನ್ಯವಾಗಿ ಅಡ್ಡಿಯಿಲ್ಲ. ಇಂಡೋಸಯನೈನ್ ಗ್ರೀನ್ ಎಂಬ ಬಣ್ಣ ಪೂರ್ತಿ ಲಿವರಿನ ಮೂಲಕವೇ ಹೊರಹೋಗಬೇಕು, ನಿಮ್ಮಲ್ಲಿ ಅದು ರಕ್ತದಲ್ಲಿ ಹೆಚ್ಚು ಹೊತ್ತು ಉಳಿಯುತ್ತದೆ. ಎಕೋದಲ್ಲಿ ಶ್ವಾಸಕೋಶದ ಒತ್ತಡ ಹೆಚ್ಚೆಂದು ಬಂದು ಸಿಲ್ಡೆನಾಫಿಲ್ ಶುರುವಾದರೆ ಕೆಲಕಾಲ ನೋಟಕ್ಕೆ ನೀಲಿ ಛಾಯೆ ಬರಬಹುದು, ಹೆದರಬೇಡಿ. ಒಂದು ಕಣ್ಣು ಥಟ್ಟನೆ ಮಂಜಾದರೆ ಮಾತ್ರ ಮಾತ್ರೆ ಬರೆದವರಿಗೂ ಕಣ್ಣಿನವರಿಗೂ ತಕ್ಷಣ ತಿಳಿಸಿ.

ಕೊನೆಗೆ ಹುಳುವಿನ ಮಾತ್ರೆ. ಪ್ರಾಜಿಕ್ವಾಂಟೆಲ್ ಶುರುವಾಗದೇ ಇದ್ದದ್ದು ಒಂದು ರೀತಿಯಲ್ಲಿ ಒಳ್ಳೆಯದೇ ಆಯಿತು, ಯಾಕೆಂದರೆ ಅದಕ್ಕೂ ಮೊದಲು ಕಣ್ಣಿನ ಒಂದು ಪರೀಕ್ಷೆ ಆಗಬೇಕು, ಮತ್ತು ಅದಕ್ಕೆ ಕಾರಣ ಆಫ್ರಿಕಾದ ಹುಳುವಲ್ಲ, ನಮ್ಮಲ್ಲಿಯದು. ಲಾಡಿಹುಳುವಿನ ಮರಿಗಳು ಮಿದುಳಿನಲ್ಲಿ, ಕಣ್ಣಿನಲ್ಲಿ ಗುಳ್ಳೆಯಾಗಿ ಕೂರುವ ಸಿಸ್ಟಿಸರ್ಕೋಸಿಸ್ ಕರ್ನಾಟಕದಲ್ಲಿ ಅಪರೂಪವಲ್ಲ, ಪೂರ್ವ ಆಫ್ರಿಕಾದಲ್ಲೂ ಇದೆ. ಕಣ್ಣಿನೊಳಗೆ ಅಂಥ ಗುಳ್ಳೆ ಇದ್ದಾಗ ಪ್ರಾಜಿಕ್ವಾಂಟೆಲ್ ಕೊಟ್ಟರೆ ಅದು ಒಳಗೇ ಸತ್ತು, ಉರಿಯೂತದಿಂದ ಕಣ್ಣು ಶಾಶ್ವತವಾಗಿ ಹಾಳಾಗಬಹುದು. ಹಾಗಾಗಿ ಪಾಪೆ ಹಿಗ್ಗಿಸಿ ರೆಟಿನಾದ ಅಂಚಿನವರೆಗೂ ನೋಡಿಸಿ. ಹಿಗ್ಗಿಸಲು ನಮ್ಮಲ್ಲಿ ಸಾಮಾನ್ಯವಾಗಿ ಹಾಕುವುದು ಟ್ರೋಪಿಕಮೈಡ್ ಜೊತೆ ಫಿನೈಲೆಫ್ರಿನ್ ಇರುವ ಡ್ರಾಪ್ಸ್. ಪ್ರೊಪ್ರನೊಲಾಲ್ ನುಂಗುವವರಲ್ಲಿ ಫಿನೈಲೆಫ್ರಿನ್ ಬಿಪಿಯನ್ನು ಥಟ್ಟನೆ ಏರಿಸಬಹುದು, ಟ್ರೋಪಿಕಮೈಡ್ ಒಂದೇ ಇರುವುದನ್ನು ಕೇಳಿ. ಹಿಂದೆ ಯಾವಾಗಲಾದರೂ ಫಿಟ್ಸ್ ಬಂದಿದ್ದರೆ ಅದನ್ನೂ ಹೇಳಿ, ಮಿದುಳಿನ ಸ್ಕ್ಯಾನ್ ಮೊದಲು ಆಗಬೇಕು.

ಡೋಸ್ ಕೆ.ಜಿ.ಗೆ 40 ಮಿ.ಗ್ರಾಂ. ನಿಮ್ಮ 65 ಕೆ.ಜಿ.ಗೆ 2,600 ಆಗುತ್ತದೆ, 600 ಮಿ.ಗ್ರಾಂ. ಮಾತ್ರೆಯಲ್ಲಿ ಸುಮಾರು ನಾಲ್ಕೂವರೆ. ಊಟದ ಜೊತೆ, ಕಚ್ಚದೆ ನುಂಗಬೇಕು, ವಿಪರೀತ ಕಹಿ. ಅಡ್ಡದಾರಿಗಳಿರುವವರಲ್ಲಿ ಈ ಔಷಧ ಲಿವರಿನಲ್ಲಿ ಒಡೆಯುವುದು ಕಡಿಮೆಯಾಗಿ ರಕ್ತದಲ್ಲಿ ಹೆಚ್ಚು ಮಟ್ಟಕ್ಕೆ ಏರುತ್ತದೆ. ಆದ್ದರಿಂದ ತಲೆಸುತ್ತು, ಹೊಟ್ಟೆನೋವು ಜೋರಾಗಬಹುದು. ವೈದ್ಯರ ಎದುರಿನಲ್ಲೇ ತೆಗೆದುಕೊಳ್ಳಿ, ಅವತ್ತು, ಮರುದಿನ ಗಾಡಿ ಓಡಿಸಬೇಡಿ. ಮಾತ್ರೆ ಹುಳುವನ್ನು ಕೊಲ್ಲುತ್ತದೆ, ಹೊಸ ಮೊಟ್ಟೆ ನಿಲ್ಲುತ್ತದೆ. ಆಗಲೇ ಗಟ್ಟಿಯಾದ ನಾರು ಕೆಲವರಲ್ಲಿ ನಿಧಾನಕ್ಕೆ ತಗ್ಗುತ್ತದೆ, ನಿಮ್ಮಷ್ಟು ಮುಂದುವರಿದವರಲ್ಲಿ ಪೂರ್ತಿ ಹೋಗುವ ನಿರೀಕ್ಷೆ ಬೇಡ. ಹಾಗಾಗಿ ಮಾತ್ರೆ ಆದ ಮೇಲೂ ಎಂಡೋಸ್ಕೋಪಿ, ಬಿಪಿ, ಹಿಮೋಗ್ಲೋಬಿನ್ ಮೇಲೆ ಕಣ್ಣಿಡುವುದು ತಪ್ಪುವುದಿಲ್ಲ. ಮಲಪರೀಕ್ಷೆಯಲ್ಲಿ ಮೊಟ್ಟೆ ಸಿಗಲಿಲ್ಲವೆಂದು ಯಾರಾದರೂ ಮಾತ್ರೆ ಬೇಡವೆಂದರೆ, ಮೊಟ್ಟೆ ಹುಡುಕುವ ಕಾಟೊ-ಕಾಟ್ಜ್ ಪರೀಕ್ಷೆಯ ಸ್ಲೈಡ್ ಒಂದರಲ್ಲಿ ನೋಡುವುದು ಬರೀ 41.7 ಮಿ.ಗ್ರಾಂ. ಮಲ ಎಂಬುದನ್ನು ನೆನಪಿಸಿ. ಹಳೆಯ ಸೋಂಕಿನಲ್ಲಿ ಹಲವು ದಿನದ ಮಾದರಿ, ಇಲ್ಲವೇ ಗುದನಾಳದ ಸಣ್ಣ ಬಯಾಪ್ಸಿ ಬೇಕಾಗುತ್ತದೆ.

ಮುಂದೆ ಗುಲ್ಮ ತೆಗೆಯುವ ಮಾತು ಬಂದರೆ ಕನಿಷ್ಠ ಎರಡು ವಾರ ಮೊದಲು ನ್ಯೂಮೋಕಾಕಸ್, ಮೆನಿಂಗೋಕಾಕಸ್, ಹಿಬ್ ಲಸಿಕೆಗಳಾಗಿರಲಿ. ಗುಲ್ಮ ಹೋದ ಮೇಲೆ ಪ್ಲೇಟ್‌ಲೆಟ್ ಕೆಲವೇ ದಿನಗಳಲ್ಲಿ ಲಕ್ಷಗಳಿಗೆ ಹಾರುತ್ತದೆ. ರಕ್ತ ಸೋರುವ ಭಯ ಹೋಗಿ ಹೆಪ್ಪುಗಟ್ಟುವ ಭಯ ಬರುವ ಕಾಲ ಅದು, ಮುಖ್ಯವಾಗಿ ಪೋರ್ಟಲ್ ರಕ್ತನಾಳದಲ್ಲಿ. ಆ ಮೊದಲ ತಿಂಗಳಲ್ಲಿ ಒಂದು ಸಲ ರೆಟಿನಾ ನೋಡಿಸಿ. ಉಳಿದಂತೆ ಆರು ತಿಂಗಳಿಗೊಮ್ಮೆ ಸಾಕು. ಹಿಮೋಗ್ಲೋಬಿನ್ 8ಕ್ಕೆ ಅಥವಾ ಪ್ಲೇಟ್‌ಲೆಟ್ 50,000ಕ್ಕೆ ಇಳಿದರೆ ಅದಕ್ಕೂ ಮೊದಲೇ ಹೋಗಿ. ಯಾವ ಕಣ್ಣಿನ ಆಸ್ಪತ್ರೆಗೆ ಹೋದರೂ ಪ್ರೊಪ್ರನೊಲಾಲ್‌ನ ಡೋಸ್, ಕೊನೆಯ ಎಂಡೋಸ್ಕೋಪಿಯ ದಿನಾಂಕ, ಇತ್ತೀಚಿನ ರಕ್ತಪರೀಕ್ಷೆ ಬರೆದ ಚೀಟಿ ಜೊತೆಗಿರಲಿ. ಡ್ರಾಪ್ಸ್ ಹಾಕುವ ಮೊದಲು ಅದನ್ನು ಕೌಂಟರಿನಲ್ಲಲ್ಲ, ಡಾಕ್ಟರ ಕೈಗೇ ಕೊಡಿ.